ಗಾಳಿಸಿದ ನೀರು, ಎಣಿಸದ ರೋಗ



ನೀರನ್ನು ಗಾಳಿಸಿ ಕುಡಿಯುವುದು ಶ್ರಾವಕರ ಮನೆಯ ಹಳೆಯ ಗುರುತು. ಮಡಿಸಿದ ದಪ್ಪ ಬಟ್ಟೆಯಲ್ಲಿ ನೀರನ್ನು ಗಾಳಿಸಬೇಕು. ಬಟ್ಟೆಯಲ್ಲಿ ಉಳಿದ ಜೀವಗಳನ್ನು ನೀರು ತಂದ ಬಾವಿಗೇ ಜೋಪಾನವಾಗಿ ಮರಳಿ ಬಿಡಬೇಕು. ಆಗಲೇ ಆ ಕ್ರಿಯೆ ಪೂರ್ಣವಾಗುವುದು. ನೀರಿನಲ್ಲಿರುವ ಜೀವದ ರಕ್ಷಣೆಯೇ ಅದರ ಉದ್ದೇಶ. ಕುಡಿಯುವವನ ಆರೋಗ್ಯದ ಮಾತು ಅಲ್ಲಿ ಮುಖ್ಯವಾಗಿರಲಿಲ್ಲ.

ಇದಕ್ಕೆ ಯಾವ ಸಂಬಂಧವೂ ಇಲ್ಲದ ಒಂದು ಪ್ರಯೋಗ ಬಾಂಗ್ಲಾದೇಶದ ಹಳ್ಳಿಗಳಲ್ಲಿ ನಡೆಯಿತು. ಅಮೆರಿಕದ ವಿಜ್ಞಾನಿ ರೀಟಾ ಕಾಲ್‌ವೆಲ್ ಮತ್ತು ಅವರ ಸಹೋದ್ಯೋಗಿಗಳು ಹಳ್ಳಿಯ ಹೆಂಗಸರಿಗೆ ಹಳೆಯ ಹತ್ತಿ ಸೀರೆಯನ್ನು ಹಲವು ಪದರಗಳಾಗಿ ಮಡಿಸಿ ಕೊಡದ ಬಾಯಿಗೆ ಕಟ್ಟಿ ನೀರು ತುಂಬುವುದನ್ನು ಕಲಿಸಿದರು. 2003ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ಹೀಗೆ ನೀರು ತುಂಬಿದ ಹಳ್ಳಿಗಳಲ್ಲಿ ಕಾಲರಾ ಶೇ. 48ರಷ್ಟು ಕಡಿಮೆಯಾಯಿತು. ಕಾಲರಾದ ರೋಗಾಣು ತಾನಾಗಿ ಬಟ್ಟೆಯ ರಂಧ್ರದಲ್ಲಿ ನುಸುಳಿ ಹೋಗುವಷ್ಟು ಸಣ್ಣದು. ಆದರೆ ಅದು ನೀರಿನಲ್ಲಿ ತೇಲುವ ಸೂಕ್ಷ್ಮ ಜಲಚರಗಳ ಮೈಗೆ ಅಂಟಿಕೊಂಡಿರುತ್ತದೆ. ಜಲಚರ ಬಟ್ಟೆಯಲ್ಲಿ ಸಿಕ್ಕಿಕೊಂಡರೆ ರೋಗಾಣುವಿನ ದೊಡ್ಡ ಪಾಲೂ ಅದರೊಡನೆ ಸಿಕ್ಕಿಕೊಳ್ಳುತ್ತದೆ.

ಈ ಸಂಗತಿಯನ್ನು ಕೇಳಿದೊಡನೆ ಜೈನ ಸಭೆಗಳಲ್ಲಿ ಚಪ್ಪಾಳೆ ಬೀಳುತ್ತದೆ. ಪೂರ್ವಜರಿಗೆ ಎಲ್ಲವೂ ಮೊದಲೇ ತಿಳಿದಿತ್ತು ಎಂಬ ಮಾತು ಅದರ ಹಿಂದೆಯೇ ಬರುತ್ತದೆ. ಆ ಚಪ್ಪಾಳೆಯನ್ನು ಸ್ವಲ್ಪ ತಡೆಹಿಡಿದು ಪುಣೆಯ ಸಿಂಹಗಡ ರಸ್ತೆಯತ್ತ ನೋಡಬೇಕಾಗಿದೆ.

2025ರ ಜನವರಿಯಲ್ಲಿ ಪುಣೆಯ ಸಿಂಹಗಡ ರಸ್ತೆಯ ಸುತ್ತಲಿನ ನಾಂದೇಡ್, ಕಿರ್ಕಟ್‌ವಾಡಿ, ಧಾಯರಿ ಮುಂತಾದ ಪ್ರದೇಶಗಳಿಂದ ಒಂದೇ ಬಗೆಯ ರೋಗಿಗಳು ಆಸ್ಪತ್ರೆಗಳಿಗೆ ಬರತೊಡಗಿದರು. ಮೊದಲು ಹೊಟ್ಟೆ ಕೆಟ್ಟು ಭೇದಿ. ಕೆಲವು ದಿನಗಳಲ್ಲಿ ಕಾಲು ಜೋಮು ಹಿಡಿದು ಬಲಹೀನವಾಗುವುದು. ಕೆಲವರಿಗೆ ಉಸಿರಾಟಕ್ಕೂ ಯಂತ್ರ ಬೇಕಾಗುವುದು. ಅದು ಗಿಲ್ಲೇನ್-ಬಾರೆ ಸಿಂಡ್ರೋಮ್, ಪತ್ರಿಕೆಗಳ ಭಾಷೆಯಲ್ಲಿ ಜಿಬಿಎಸ್. ಕರುಳಿನ ಸೋಂಕಿನ ವಿರುದ್ಧ ಎದ್ದ ದೇಹದ ರಕ್ಷಣಾವ್ಯವಸ್ಥೆಯೇ ದಾರಿ ತಪ್ಪಿ ನರಗಳ ಮೇಲೆ ಎರಗುವ ರೋಗವಿದು. ಶಂಕಿತ ಪ್ರಕರಣಗಳ ಸಂಖ್ಯೆ 200ನ್ನು ದಾಟಿತು. ಪುಣೆಯಲ್ಲಿಯೇ ಇರುವ ರಾಷ್ಟ್ರೀಯ ವೈರಾಣು ಸಂಸ್ಥೆಯಲ್ಲಿ ಪರೀಕ್ಷೆಗಳು ನಡೆದು, ರೋಗಿಗಳ ಮಾದರಿಗಳಲ್ಲಿ ಕ್ಯಾಂಪಿಲೊಬ್ಯಾಕ್ಟರ್ ಜೆಜುನಿ ಎಂಬ ಬ್ಯಾಕ್ಟೀರಿಯಾ ಕಂಡುಬಂದಿತು. ಸಂಶಯ ನೀರಿನ ಮೇಲೆ ನಿಂತಿತು.

ಚೆನ್ನಾಗಿ ಬೇಯದ ಕೋಳಿಮಾಂಸವನ್ನು ತಿನ್ನಬಾರದೆಂಬ ಎಚ್ಚರಿಕೆಯೂ ಆಗ ಹೊರಟಿತು. ಅದನ್ನು ಕೇಳಿ ಸಸ್ಯಾಹಾರಿ ಮನೆಗಳು ನಿಶ್ಚಿಂತವಾದದ್ದುಂಟು. ನೀರು ಮಾತ್ರ ಕುಡಿಯುವವನ ಆಹಾರಪದ್ಧತಿಯನ್ನು ವಿಚಾರಿಸುವುದಿಲ್ಲ. ಬಾಂಗ್ಲಾದೇಶದಲ್ಲಿ ಕಾಲರಾವನ್ನು ಅರ್ಧಕ್ಕಿಳಿಸಿದ ಅದೇ ಬಟ್ಟೆ ಸಿಂಹಗಡ ರಸ್ತೆಯಲ್ಲಿ ಆಸರೆಯಾಗಬಲ್ಲದೆಂದು ಹೇಳಲಾಗದು. ಕ್ಯಾಂಪಿಲೊಬ್ಯಾಕ್ಟರ್ ಬಟ್ಟೆಯ ರಂಧ್ರಕ್ಕಿಂತ ಬಹಳ ಸಣ್ಣದು, ಬಟ್ಟೆ ಹಿಡಿಯಬಲ್ಲ ಜಲಚರದ ಆಶ್ರಯವೂ ಅದಕ್ಕೆ ಬೇಕಿಲ್ಲ. ಅದು ಸಾಯುವುದು ಶಾಖಕ್ಕೆ. ಇಲ್ಲಿಯೂ ಸಂಪ್ರದಾಯ ಬರಿಗೈಯಲ್ಲಿಲ್ಲ: ಮುನಿಗಳ ಆಹಾರಕ್ಕೆ ಕಾಯಿಸಿದ ಪ್ರಾಸುಕ ಜಲವನ್ನೇ ಒದಗಿಸುವುದು ರೂಢಿ. ಗಾಳಿಸುವ ಬಟ್ಟೆಯೂ ಇದೆ, ಕಾಯಿಸುವ ಪಾತ್ರೆಯೂ ಇದೆ. ಯಾವ ಊರಿನಲ್ಲಿ, ಯಾವ ನೀರಿಗೆ, ಯಾವುದು ಸಾಕು, ಯಾವುದು ಸಾಲದು ಎಂಬುದನ್ನು ಹೇಳುವ ವಿದ್ಯೆಯೇ ಬೇರೆ. ಆ ವಿದ್ಯೆಗೆ ಸಮುದಾಯ ಆರೋಗ್ಯ ಮತ್ತು ರೋಗತಡೆ ವಿಜ್ಞಾನ ಎಂದು ಹೆಸರು. ಮನೆಯಿಂದಲೇ ಆನ್‌ಲೈನ್ ಮೂಲಕ ಅದರ ಸ್ನಾತಕೋತ್ತರ ಪದವಿಯನ್ನು ಓದುವ ಅವಕಾಶ ಒದಗಿರುವ ಈ ಕಾಲದಲ್ಲಿ, ಪುಣೆಯಂತಹ ಊರಿನಲ್ಲಿ ನೆಲೆಸಿರುವ ಜೈನ ಕನ್ನಡ ಕುಟುಂಬಗಳು ಅದನ್ನು ಹೇಗೆ ಕಾಣಬೇಕು ಎಂಬುದೇ ಇಂದಿನ ವಿಷಯ.

ವೈದ್ಯನು ತನ್ನೆದುರು ಕುಳಿತ ಒಬ್ಬ ರೋಗಿಯನ್ನು ನೋಡುತ್ತಾನೆ. ಸಮುದಾಯ ಆರೋಗ್ಯದ ವಿದ್ಯಾರ್ಥಿ ನೋಡುವುದು ಒಂದು ಬಡಾವಣೆಯನ್ನು. ಯಾರಿಗೆ ಬಂತು, ಎಲ್ಲಿ ಬಂತು, ಎಂದಿನಿಂದ ಬಂತು, ಪಕ್ಕದ ಗಲ್ಲಿಯವರಿಗೆ ಏಕೆ ಬರಲಿಲ್ಲ ಎಂಬ ಪ್ರಶ್ನೆಗಳೇ ಆತನ ಉಪಕರಣಗಳು. 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟಿನಲ್ಲಿ ಕಾಲರಾ ಸಾವುಗಳನ್ನು ನಕ್ಷೆಯ ಮೇಲೆ ಗುರುತಿಸುತ್ತ ಹೋದ ಜಾನ್ ಸ್ನೋ, ಅವೆಲ್ಲವೂ ಒಂದು ನೀರಿನ ಪಂಪಿನ ಸುತ್ತ ಕಿಕ್ಕಿರಿದಿರುವುದನ್ನು ಕಂಡರು. ಕಾಲರಾದ ರೋಗಾಣು ಆಗಿನ್ನೂ ವೈದ್ಯಲೋಕಕ್ಕೆ ಪರಿಚಿತವಾಗಿರಲಿಲ್ಲ. ರೋಗಾಣುವನ್ನು ಕಾಣದೆಯೇ ರೋಗದ ದಾರಿಯನ್ನು ಕಾಣಬಹುದೆಂಬುದು ಈ ಶಾಸ್ತ್ರದ ಬುನಾದಿ. ಸಿಂಹಗಡ ರಸ್ತೆಯಲ್ಲಿಯೂ ನಡೆದ ಕೆಲಸ ಅದೇ: ಮನೆಮನೆಗೆ ಹೋಗಿ ವಿಚಾರಿಸುವುದು, ನೀರಿನ ಮೂಲವನ್ನು ಹುಡುಕುವುದು, ಎಣಿಸುವುದು.

ಎಣಿಸಿದಾಗ ರಾಜಕೀಯವೂ ಕಾಣಿಸುತ್ತದೆ. ನಾಂದೇಡ್, ಕಿರ್ಕಟ್‌ವಾಡಿಗಳು 2021ರಲ್ಲಿ ಪುಣೆ ಮಹಾನಗರಪಾಲಿಕೆಗೆ ಸೇರಿದ 23 ಹಳ್ಳಿಗಳ ಪೈಕಿಯವು. ಪಾಲಿಕೆಯ ಗಡಿ ಹಳ್ಳಿಯವರೆಗೆ ಬಂದಿತು, ತೆರಿಗೆಯ ಚೀಟಿಯೂ ಬಂದಿತು, ಗಗನಚುಂಬಿ ವಸತಿಗಳೂ ಎದ್ದವು. ಬಾವಿಯ ನೀರಿಗೆ ಕ್ಲೋರಿನ್ ಬೆರೆಸಿ ಹಂಚುವ ಹಳೆಯ ಏರ್ಪಾಡು ಮಾತ್ರ ಹಾಗೆಯೇ ಉಳಿಯಿತು. ಅಲ್ಲಿ ಮನೆ ಕೊಂಡ ಮಧ್ಯಮವರ್ಗದವರಲ್ಲಿ ಎಲ್ಲ ಸಮಾಜದವರೂ ಇದ್ದಾರೆ. ಫ್ಲ್ಯಾಟಿನ ದರ, ಪಾರ್ಕಿಂಗ್, ದೇವಸ್ಥಾನಕ್ಕೆ ಇರುವ ದೂರ ಇವನ್ನೆಲ್ಲ ವಿಚಾರಿಸಿ ಕೊಂಡವರು ನಲ್ಲಿಯ ನೀರು ಯಾವ ಶುದ್ಧೀಕರಣ ಘಟಕದಿಂದ ಬರುತ್ತದೆ ಎಂದು ಕೇಳಿರಲಾರರು. 2017ರ ರಾಷ್ಟ್ರೀಯ ಆರೋಗ್ಯ ನೀತಿಯು ಸರ್ಕಾರಗಳ ಆರೋಗ್ಯವೆಚ್ಚವನ್ನು 2025ರೊಳಗೆ ದೇಶದ ಒಟ್ಟು ಉತ್ಪನ್ನದ ಶೇ. 2.5ಕ್ಕೆ ಏರಿಸುವ ಗುರಿಯನ್ನು ಇಟ್ಟುಕೊಂಡಿತ್ತು. ಆ ಗುರಿಯನ್ನು ದೇಶ ಮುಟ್ಟಿಲ್ಲ. ಚುನಾವಣೆಯಲ್ಲಿ ಅದನ್ನು ಕೇಳಿದ ಮತದಾರರೂ ವಿರಳ.

ಪುಣೆಗೆ ಈ ವಿದ್ಯೆಯ ಪಾಠ ಹೊಸದಲ್ಲ. 1896ರಲ್ಲಿ ಮುಂಬಯಿಗೆ ಬಂದ ಪ್ಲೇಗು ಮರುವರ್ಷ ಪುಣೆಯನ್ನು ಹೊಕ್ಕಿತು. 1897ರ ಫೆಬ್ರವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆ ಜಾರಿಗೆ ಬಂದಿತು. ಕೋವಿಡ್ ಕಾಲದಲ್ಲಿ ಸರ್ಕಾರಗಳು ಮತ್ತೆ ಕೈಗೆತ್ತಿಕೊಂಡ ಕಾಯಿದೆ ಅದೇ. ಪ್ಲೇಗ್ ಅಧಿಕಾರಿಯಾಗಿ ಬಂದ ವಾಲ್ಟರ್ ರ‍್ಯಾಂಡ್ ಸೈನಿಕರನ್ನು ಮನೆಗಳೊಳಕ್ಕೆ ನುಗ್ಗಿಸಿದನು. ಅಡುಗೆಮನೆ, ದೇವರಮನೆಗಳೆನ್ನದೆ ಶೋಧ ನಡೆಯಿತು. ಹೆಂಗಸರ ಮರ್ಯಾದೆಗೆ ಧಕ್ಕೆಯಾಯಿತೆಂದು ಊರು ಕುದಿಯಿತು. ಭಯದಿಂದ ಜನರು ರೋಗಿಗಳನ್ನೇ ಬಚ್ಚಿಟ್ಟರು. ಜೂನ್ 22ರ ರಾತ್ರಿ ಚಾಪೇಕರ್ ಸಹೋದರರ ಗುಂಡಿಗೆ ರ‍್ಯಾಂಡ್ ಗುರಿಯಾಗಿ, ಕೆಲವು ದಿನಗಳ ಬಳಿಕ ಸತ್ತನು. ಅದೇ ಪುಣೆಯಲ್ಲಿ, ಅದೇ ಪ್ಲೇಗಿನಲ್ಲಿ, ಸಾವಿತ್ರಿಬಾಯಿ ಫುಲೆಯವರು ವೈದ್ಯನಾದ ಸಾಕುಮಗ ಯಶವಂತನ ಚಿಕಿತ್ಸಾಲಯಕ್ಕೆ ರೋಗಿಗಳನ್ನು ಕರೆತರುತ್ತಿದ್ದರು. ಮುಂಢವೆಯ ಒಬ್ಬ ಹುಡುಗನನ್ನು ಹೊತ್ತು ತಂದ ಬಳಿಕ ರೋಗ ಅವರಿಗೂ ತಗುಲಿ, 1897ರ ಮಾರ್ಚ್ 10ರಂದು ತೀರಿಕೊಂಡರು. 2014ರಿಂದ ಪುಣೆ ವಿಶ್ವವಿದ್ಯಾಲಯ ಅವರ ಹೆಸರನ್ನು ಹೊತ್ತಿದೆ. ರೋಗವನ್ನು ತಡೆಯಲು ಹೊರಟವರು ಜನರ ವಿಶ್ವಾಸವನ್ನು ಗಳಿಸದಿದ್ದರೆ ಏನಾಗುವುದೆಂಬುದಕ್ಕೆ, ಗಳಿಸಿದರೆ ಏನು ಸಾಧ್ಯವೆಂಬುದಕ್ಕೆ, ಇವೆರಡಕ್ಕಿಂತ ಸ್ಪಷ್ಟವಾದ ಉದಾಹರಣೆಗಳನ್ನು ಯಾವ ಪಠ್ಯಪುಸ್ತಕವೂ ಕೊಡಲಾರದು.

ಆ ವಿಶ್ವಾಸವನ್ನು ಗಳಿಸಿ ತೋರಿಸಿದ ಇನ್ನೊಬ್ಬ ಮಹಿಳೆ ಡಾ. ಬಾನೂ ಕೊಯಾಜಿ. ಪುಣೆಯ ಕೆ.ಇ.ಎಂ. ಆಸ್ಪತ್ರೆಯನ್ನು ದಶಕಗಳ ಕಾಲ ನಡೆಸಿದ ಅವರು, ಆಸ್ಪತ್ರೆ ಎಷ್ಟೇ ಬೆಳೆದರೂ ಹಳ್ಳಿಯ ತಾಯಂದಿರು ಕೊನೆಯ ಗಳಿಗೆಯಲ್ಲಿಯೇ ಬರುವುದನ್ನು ಕಂಡು ತಾವೇ ಹಳ್ಳಿಗೆ ಹೋದರು. ವಡು ಗ್ರಾಮದ ಸುತ್ತ ಅವರು ಕಟ್ಟಿದ ಆರೋಗ್ಯ ಯೋಜನೆಯಲ್ಲಿ ಹಳ್ಳಿಯ ಹೆಂಗಸರೇ ತರಬೇತಿ ಪಡೆದು ಕಾರ್ಯಕರ್ತೆಯರಾದರು. 1993ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು.

ಅದೇ 1993ರಲ್ಲಿ ಪುಣೆಯ ಸಮೀಪದ ಆರು ಹಳ್ಳಿಗಳಲ್ಲಿ ಮತ್ತೊಂದು ಕೆಲಸ ಆರಂಭವಾಯಿತು. ಜೈನ ಸಮಾಜ ಅತ್ಯಂತ ಗಮನವಿಟ್ಟು ಕೇಳಬೇಕಾದ ಸಂಗತಿ ಇದು. ಕೆ.ಇ.ಎಂ. ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಅವರ ಬಳಗ ಸುಮಾರು 800 ಗರ್ಭಿಣಿಯರ ಆಹಾರ, ತೂಕ, ರಕ್ತ, ಹುಟ್ಟಿದ ಮಕ್ಕಳ ಅಳತೆ ಎಲ್ಲವನ್ನೂ ದಾಖಲಿಸಿತು. ಆ ಮಕ್ಕಳನ್ನು ಅವರು ಬೆಳೆದು ದೊಡ್ಡವರಾಗುವವರೆಗೂ ಬಿಡದೆ ಹಿಂಬಾಲಿಸಿತು. ಇಂಗ್ಲೆಂಡಿನ ಸೌತಾಂಪ್ಟನ್ನಿನ ಮಗು ಸರಾಸರಿ 3.5 ಕಿಲೋ ತೂಗಿದರೆ ಪುಣೆಯ ಹಳ್ಳಿಯ ಮಗು ಸುಮಾರು 2.7 ಕಿಲೋ. ಮಗು ಸಣ್ಣದು; ಆದರೆ ಸ್ನಾಯು, ಅಂಗಾಂಗಗಳು ಕುಗ್ಗಿದಷ್ಟು ಚರ್ಮದಡಿಯ ಕೊಬ್ಬು ಕುಗ್ಗಿರಲಿಲ್ಲ. ನೋಡಲು ಬಡಕಲು, ಒಳಗೆ ಕೊಬ್ಬು. ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಅವರ ಸಹೋದ್ಯೋಗಿ ಜಾನ್ ಯುಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮಿಬ್ಬರ ಚಿತ್ರವನ್ನೇ ಅಚ್ಚು ಹಾಕಿಸಿ ಇದನ್ನು ತೋರಿಸಿದರು. ಇಬ್ಬರ ದೇಹತೂಕ ಸೂಚ್ಯಂಕವೂ ಒಂದೇ, 22.3. ಯುಡ್ಕಿನ್ನರ ಮೈಯಲ್ಲಿ ಕೊಬ್ಬು ಶೇ. 9.1, ಯಾಜ್ಞಿಕರ ಮೈಯಲ್ಲಿ ಶೇ. 21.2. ದಪ್ಪಗಿಲ್ಲದ ಭಾರತೀಯನಿಗೂ ಮಧುಮೇಹ ಬರುವುದೇಕೆಂಬ ಪ್ರಶ್ನೆಗೆ ಉತ್ತರದ ಒಂದು ತುದಿ ಇಲ್ಲಿ ಸಿಕ್ಕಿತು.

ಇನ್ನೊಂದು ತುದಿ ವಿಟಮಿನ್ ಬಿ12. ಪುಣೆಯ ಹಳ್ಳಿ, ಕೊಳೆಗೇರಿ ಮತ್ತು ನಗರದ ಮಧ್ಯಮವರ್ಗದ 441 ಗಂಡಸರ ರಕ್ತವನ್ನು ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ. 67ರಷ್ಟು ಮಂದಿಗೆ ಬಿ12 ಕೊರತೆ ಕಂಡುಬಂದಿತು. ನಗರದ ಮಧ್ಯಮವರ್ಗದವರಲ್ಲಿ ಅದು ಶೇ. 81. ಬಡವರ ರೋಗವೆಂದು ಯಾರೂ ತಳ್ಳಿಹಾಕುವಂತಿಲ್ಲ. ಉಂಡುಟ್ಟು ಸುಖವಾಗಿದ್ದವರಲ್ಲಿಯೇ ಕೊರತೆ ಅತ್ಯಧಿಕ. ಸಸ್ಯಾಹಾರಿಗಳಲ್ಲಿ ಕೊರತೆಯ ಸಂಭವ ನಾಲ್ಕು ಪಟ್ಟಿಗೂ ಮಿಗಿಲು. ತಾಯಂದಿರ ಕಥೆ ಇನ್ನೂ ಗಂಭೀರ. ಹಳ್ಳಿಗಳ ಆ ಗರ್ಭಿಣಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಬಿ12 ಕಡಿಮೆಯಿತ್ತು. ತಾಯಿಯಲ್ಲಿ ಬಿ12 ಕಡಿಮೆಯಿದ್ದು ಫೋಲೇಟ್ ಹೆಚ್ಚಾಗಿದ್ದಾಗ, ಆರು ವರ್ಷದ ಹೊತ್ತಿಗೆ ಮಗುವಿನ ದೇಹ ಇನ್ಸುಲಿನ್ನಿಗೆ ಸರಿಯಾಗಿ ಓಗೊಡುತ್ತಿರಲಿಲ್ಲ ಎಂದು 2008ರ ವರದಿ ತಿಳಿಸಿತು. ಮಧುಮೇಹದ ಬೀಜ ಮದುವೆಮನೆಯ ಜಿಲೇಬಿಗಿಂತ ಬಹಳ ಹಿಂದೆ, ಗರ್ಭದಲ್ಲಿಯೇ ಬೀಳಬಹುದೆಂಬುದು ಇದರ ಅರ್ಥ. ಮುಂದೆ ಅದೇ ಮಕ್ಕಳು ಹರೆಯಕ್ಕೆ ಬಂದಾಗ, ಅವರು ತಂದೆತಾಯಿಯರಾಗುವ ಮುನ್ನವೇ, ದಿನಕ್ಕೆ 2 ಮೈಕ್ರೋಗ್ರಾಂ ಬಿ12 ಕೊಟ್ಟು ನೋಡುವ ಪ್ರಯೋಗವೂ ನಡೆಯಿತು. ಬಿ12 ಪಡೆದ ತಾಯಂದಿರ ಮಕ್ಕಳು ಎರಡನೆಯ ವಯಸ್ಸಿನಲ್ಲಿ ಗ್ರಹಿಕೆ ಮತ್ತು ಮಾತಿನ ಪರೀಕ್ಷೆಗಳಲ್ಲಿ ಮುಂದಿದ್ದುದು ಕಂಡುಬಂದಿತು.

ಇಂತಹ ವರದಿಗಳನ್ನು ಸಮಾಜದ ಸಭೆಗಳಲ್ಲಿ ಇಟ್ಟಾಗ ಎರಡು ಬಗೆಯ ಉತ್ತರಗಳು ಸಿದ್ಧವಾಗಿರುತ್ತವೆ. ಸಾತ್ವಿಕ ಆಹಾರದಲ್ಲಿ ಕೊರತೆಯೆಂಬುದೇ ಇಲ್ಲ, ಇದು ಔಷಧ ಕಂಪನಿಗಳ ಹುನ್ನಾರ ಎಂಬುದು ಹಿರಿಯರ ಉತ್ತರ. ಹಾಗಾದರೆ ಈ ಆಹಾರಪದ್ಧತಿಯೇ ಅವೈಜ್ಞಾನಿಕ ಎಂಬುದು ಕೆಲವು ಕಿರಿಯರ ಉತ್ತರ. ಎರಡೂ ಸೋಮಾರಿ ಉತ್ತರಗಳು. ಬಿ12ನ್ನು ಗಿಡವೂ ತಯಾರಿಸುವುದಿಲ್ಲ, ಪ್ರಾಣಿಯೂ ತಯಾರಿಸುವುದಿಲ್ಲ, ತಯಾರಿಸುವುದು ಬ್ಯಾಕ್ಟೀರಿಯಾ. ಮಾರುಕಟ್ಟೆಯ ಬಿ12 ಕೂಡ ಬ್ಯಾಕ್ಟೀರಿಯಾದ ಹುದುಗುವಿಕೆಯಿಂದಲೇ ಬರುತ್ತದೆ, ಮಾಂಸದಿಂದಲ್ಲ. ಹಾಲು ಮೊಸರುಗಳಲ್ಲಿ ಅದು ಸ್ವಲ್ಪಮಟ್ಟಿಗೆ ದೊರೆಯುತ್ತದೆ. ಅಹಿಂಸೆಯ ಹೆಸರಿನಲ್ಲಿ ಹಾಲನ್ನೂ ಬಿಟ್ಟ ಹೊಸ ತಲೆಮಾರಿನವರಿಗೆ ಅದೂ ಇಲ್ಲ. ಕ್ಯಾಪ್ಸೂಲಿನ ಕವಚ ಬಹುಮಟ್ಟಿಗೆ ಪ್ರಾಣಿಜನ್ಯ ಜೆಲಟಿನ್ನಿನದು. ಅದನ್ನು ಬೇಡವೆನ್ನುವವರು ವೈದ್ಯರಿಗೆ ಮೊದಲೇ ಹೇಳಿ ಮಾತ್ರೆಯನ್ನೋ ಸಸ್ಯಮೂಲದ ಕವಚವನ್ನೋ ಬರೆಸಿಕೊಳ್ಳಬಹುದು. ಹುದುಗುವಿಕೆಯಲ್ಲಿ ಏಕೇಂದ್ರಿಯ ಜೀವಗಳ ಹಿಂಸೆಯ ಪ್ರಶ್ನೆಯನ್ನು ಎತ್ತುವವರು ಎತ್ತಲಿ, ಶಾಸ್ತ್ರಬಲ್ಲವರು ಚರ್ಚಿಸಲಿ. ಆ ಚರ್ಚೆಯ ಮೇಜಿನ ಮೇಲೆ ಗರ್ಭಿಣಿಯ ರಕ್ತಪರೀಕ್ಷೆಯ ವರದಿಯೂ ಇರಬೇಕು.

ಸರ್ಕಾರಕ್ಕೂ ಇಲ್ಲಿ ಒಂದು ಪ್ರಶ್ನೆ ಉಂಟು. 2018ರಲ್ಲಿ ಆರಂಭವಾದ ರಕ್ತಹೀನತೆ ಮುಕ್ತ ಭಾರತ ಕಾರ್ಯಕ್ರಮದಲ್ಲಿ ಗರ್ಭಿಣಿಯರಿಗೆ ಕೊಡುವ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇವೆ; ಬಿ12 ಇಲ್ಲ. ಫೋಲಿಕ್ ಆಮ್ಲದ ಅಗತ್ಯವನ್ನು ಯಾರೂ ಅಲ್ಲಗಳೆಯುವುದಿಲ್ಲ, ಆ ಮಾತ್ರೆಯನ್ನು ಯಾವ ಗರ್ಭಿಣಿಯೂ ಬಿಡಬಾರದು. ಆದರೆ ಪುಣೆಯ ಸಂಶೋಧನೆಯನ್ನು ಓದಿದವರಿಗೆ ಅದರೊಡನೆ ಬಿ12 ಏಕಿಲ್ಲವೆಂಬ ಪ್ರಶ್ನೆ ಹುಟ್ಟದಿರದು. ಅದನ್ನು ಅಂಕಿಅಂಶಗಳೊಡನೆ ಕೇಳಬಲ್ಲವರು ಸಮಾಜದಲ್ಲಿ ಎಷ್ಟು ಮಂದಿ ಇದ್ದಾರೆ?

ಆಹಾರ, ಔಷಧ, ಅಭಯ, ಶಾಸ್ತ್ರ ಎಂಬ ಚತುರ್ವಿಧ ದಾನಗಳಲ್ಲಿ ಔಷಧದಾನವನ್ನು ಜೈನ ಸಮಾಜ ಎಂದೂ ಮರೆತಿಲ್ಲ. ಆಸ್ಪತ್ರೆಗೆ ವಾರ್ಡು, ಡಯಾಲಿಸಿಸ್ ಯಂತ್ರ, ಆಂಬುಲೆನ್ಸ್, ಕಣ್ಣಿನ ಶಿಬಿರ, ಇವಕ್ಕೆ ಕೈ ಸದಾ ಮುಂದೆ. 2020ರಲ್ಲಿ ಕೋವಿಡ್ ಎರಗಿದಾಗ ಪುಣೆಯ ಭಾರತೀಯ ಜೈನ ಸಂಘಟನಾ ಸಂಸ್ಥೆಯು ವೈದ್ಯರನ್ನು ವಾಹನಗಳಲ್ಲಿ ಜನರ ಬಾಗಿಲಿಗೇ ಕಳಿಸಿದುದು ಅನೇಕರಿಗೆ ನೆನಪಿರಬಹುದು. ಡಯಾಲಿಸಿಸ್ ಯಂತ್ರದ ಮೇಲೆ ದಾನಿಯ ಹೆಸರನ್ನು ಕೆತ್ತಿಸಬಹುದು. ಮೂತ್ರಪಿಂಡ ಕೆಡದೆ ಉಳಿದ ಮನುಷ್ಯನ ಮೇಲೆ ಯಾರ ಹೆಸರನ್ನೂ ಕೆತ್ತಲಾಗದು. ತಾನು ಉಳಿದೆನೆಂಬುದು ಆತನಿಗೂ ತಿಳಿದಿರುವುದಿಲ್ಲ. ರೋಗತಡೆ ವಿಜ್ಞಾನಕ್ಕೆ ದಾನಿಗಳು ದೊರೆಯದಿರುವುದಕ್ಕೆ ಇದೇ ಕಾರಣವಿರಬೇಕು. ಗುಪ್ತದಾನವನ್ನು ಶ್ರೇಷ್ಠವೆಂದು ಸಾರುವ ಸಮಾಜಕ್ಕೆ ಇದು ಅಡ್ಡಿಯಾಗಬೇಕಾದದ್ದಲ್ಲ.

ಈಗ ಓದಿನ ವಿಚಾರ. 2001ರ ಜನಗಣತಿಯ ಪ್ರಕಾರ ಜೈನರ ಸಾಕ್ಷರತೆ ಶೇ. 94.1, ಹೆಂಗಸರದು ಶೇ. 90.6, ದೇಶದ ಪ್ರಮುಖ ಮತದವರಲ್ಲಿ ಅತ್ಯುಚ್ಚ. ಅದೇ ಗಣತಿಯಲ್ಲಿ ದುಡಿಮೆಯಲ್ಲಿ ತೊಡಗಿದ ಜೈನ ಮಹಿಳೆಯರು ಶೇ. 9.2 ಮಾತ್ರ, ಎಲ್ಲ ಮತದವರಲ್ಲಿ ಅತ್ಯಂತ ಕಡಿಮೆ. ಮೊದಲ ಅಂಕಿಯನ್ನು ಸಮ್ಮೇಳನಗಳಲ್ಲಿ ಮತ್ತೆ ಮತ್ತೆ ಉದ್ಧರಿಸುತ್ತಾರೆ. ಎರಡನೆಯದನ್ನು ಉದ್ಧರಿಸುವವರು ಅಪರೂಪ. ಬಿ.ಎಸ್ಸಿ., ಬಿ.ಫಾರ್ಮ್., ನರ್ಸಿಂಗ್, ಗೃಹವಿಜ್ಞಾನ ಓದಿ, ಮದುವೆಯಾಗಿ ಬೆಳಗಾವಿ, ಹುಬ್ಬಳ್ಳಿ, ಧರ್ಮಸ್ಥಳದ ಕಡೆಯಿಂದ ಪುಣೆಗೆ ಬಂದು, ಓದನ್ನು ಟ್ರಂಕಿನಲ್ಲಿಟ್ಟ ಸೊಸೆಯಂದಿರು ಎಷ್ಟೋ ಮನೆಗಳಲ್ಲಿದ್ದಾರೆ. ಆನ್‌ಲೈನ್ ಸ್ನಾತಕೋತ್ತರ ವ್ಯಾಸಂಗ ಮೊದಲು ತೆರೆಯುವುದು ಇವರಿಗೆ.

1899ರಲ್ಲಿ ಸ್ತವನಿಧಿಯಲ್ಲಿ ದಕ್ಷಿಣ ಭಾರತ ಜೈನ ಸಭೆ ಹುಟ್ಟಿದಾಗ ಅದು ಕಂಡುಕೊಂಡ ದಾರಿ ವಿದ್ಯಾರ್ಥಿನಿಲಯ. ಕೊಲ್ಲಾಪುರ, ಸಾಂಗಲಿ, ಬೆಳಗಾವಿ, ಹುಬ್ಬಳ್ಳಿಗಳ ಬೋರ್ಡಿಂಗುಗಳು ಹಳ್ಳಿಯ ರೈತರ ಗಂಡುಮಕ್ಕಳಿಗೆ ಪಟ್ಟಣದಲ್ಲಿ ಧರ್ಮಕ್ಕೆ ಹೊಂದುವ ಊಟ, ಮಲಗಲು ಜಾಗ ಕೊಟ್ಟವು. ಕರ್ಮವೀರ ಭಾವುರಾವ್ ಪಾಟೀಲರಂತಹವರು ಆ ಪರಂಪರೆಯಿಂದ ಬಂದವರು. (ಉಷ್ಣವಲಯದ ರೋಗಗಳ ಅಧ್ಯಯನಕ್ಕಾಗಿ ಪ್ಯಾಟ್ರಿಕ್ ಮ್ಯಾನ್ಸನ್ ಲಂಡನ್ನಿನಲ್ಲಿ ಶಾಲೆಯೊಂದನ್ನು ತೆರೆದದ್ದೂ ಅದೇ 1899ರಲ್ಲಿ. 1998ರಿಂದ ಅದು ದೂರಶಿಕ್ಷಣದ ಮೂಲಕವೂ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿಗಳನ್ನು ಕಲಿಸುತ್ತಿದೆ.) ಬೋರ್ಡಿಂಗು ವಿದ್ಯಾರ್ಥಿಯನ್ನು ಮನೆಯಿಂದ ಹೊರಗೆ ತಂದಿತು. ಆನ್‌ಲೈನ್ ಪಾಠ ಶಾಲೆಯನ್ನೇ ಮನೆಯೊಳಕ್ಕೆ ತರುತ್ತದೆ. ಅಡ್ಡಿ ಇರುವುದೂ ಮನೆಯೊಳಗೇ ಎಂಬುದನ್ನು ಆನ್‌ಲೈನ್ ಶಿಕ್ಷಣದ ಜಾಹೀರಾತುಗಳು ಹೇಳುವುದಿಲ್ಲ.

ಲೆಕ್ಕ ಹಾಕಿ ನೋಡಬಹುದು. ಎರಡು ವರ್ಷಗಳ ಸ್ನಾತಕೋತ್ತರ ಪದವಿಗೆ ಸಾಮಾನ್ಯವಾಗಿ 80 ಕ್ರೆಡಿಟ್. ದೂರಶಿಕ್ಷಣದ ರೂಢಿಯಲ್ಲಿ ಒಂದು ಕ್ರೆಡಿಟ್ಟಿಗೆ 30 ಗಂಟೆಗಳ ಓದು. ಒಟ್ಟು 2,400 ಗಂಟೆ. ವಾರಕ್ಕೆ ಸುಮಾರು 23 ಗಂಟೆ. ಆ 23 ಗಂಟೆಗಳು ಆಕಾಶದಿಂದ ಉದುರುವುದಿಲ್ಲ. ಸೂರ್ಯಾಸ್ತಕ್ಕೆ ಮುಂಚೆ ಅಡುಗೆ ಮುಗಿಸಬೇಕಾದ ಮನೆಯಲ್ಲಿ ಸಂಜೆ ಐದರಿಂದ ಏಳರ ನೇರ ತರಗತಿ ಎಂದರೆ ಏನೆಂಬುದು ಇಲ್ಲಿ ಕುಳಿತಿರುವ ಅಕ್ಕತಂಗಿಯರಿಗೆ ಗೊತ್ತು. ಸೊಸೆ ಓದಲಿ, ಅಭ್ಯಂತರವಿಲ್ಲ, ಮನೆಗೆಲಸ ಮುಗಿಸಿ ಓದಲಿ ಎಂಬ ಔದಾರ್ಯದಿಂದ 2,400 ಗಂಟೆ ಕೂಡಿಬಾರದು. ಅತ್ತೆಯೋ ಗಂಡನೋ ವಾರದಲ್ಲಿ ನಾಲ್ಕು ಸಂಜೆ ಅಡುಗೆಮನೆಯನ್ನು ವಹಿಸಿಕೊಳ್ಳಬೇಕಾಗುತ್ತದೆ. ಶುಲ್ಕಕ್ಕೆ ವಿದ್ಯಾರ್ಥಿವೇತನ ಕೊಡುವ ಟ್ರಸ್ಟುಗಳು ಅರ್ಜಿಯ ನಮೂನೆಯಲ್ಲಿ ಈ ಒಂದು ಪ್ರಶ್ನೆಯನ್ನೂ ಸೇರಿಸಿದರೆ ಒಳ್ಳೆಯದು: ಆ ಸಂಜೆಗಳಲ್ಲಿ ಅಡುಗೆ ಯಾರು ಮಾಡುತ್ತಾರೆ?

ಕಲಿಯುವುದೇನು ಎಂದರೆ ಮುಖ್ಯವಾಗಿ ನಾಲ್ಕೈದು ಸಂಗತಿಗಳು. ರೋಗ ಹರಡುವ ಬಗೆಯನ್ನು ಶೋಧಿಸುವ ಎಪಿಡೆಮಿಯಾಲಜಿ, ಸಂಖ್ಯಾಶಾಸ್ತ್ರ, ಆರೋಗ್ಯನೀತಿ ಮತ್ತು ಹಣಕಾಸು, ಪರಿಸರ ಮತ್ತು ಆಹಾರ, ಜನರ ನಡವಳಿಕೆ. ಹೆಚ್ಚಿನವರು ಹೆದರುವುದು ಸಂಖ್ಯಾಶಾಸ್ತ್ರಕ್ಕೆ. ಅಂಗಡಿಯ ಖಾತೆಪುಸ್ತಕವನ್ನು ತಲೆಮಾರುಗಳಿಂದ ಬರೆದ ಮನೆತನಗಳವರು ಅದಕ್ಕೆ ಹೆದರುವುದು ವಿಚಿತ್ರ. ನಿಜವಾಗಿ ಕಷ್ಟವಾದದ್ದು ಕ್ಷೇತ್ರಕಾರ್ಯ. ಪರದೆಯ ಮೇಲೆ ಎಲ್ಲ ಪಾಠಗಳನ್ನೂ ಕೇಳಿ, ಯಾರ ಮನೆಯ ಬಾಗಿಲನ್ನೂ ತಟ್ಟದೆ ಪದವಿ ಪಡೆದವರಿಂದ ಸಮುದಾಯಕ್ಕಾಗಲೀ ಆರೋಗ್ಯಕ್ಕಾಗಲೀ ಪ್ರಯೋಜನವಿಲ್ಲ.

ಬಾಗಿಲು ತಟ್ಟಲು ಪುಣೆಯ ಕನ್ನಡಿಗರಿಗೆ ಇರುವ ಅನುಕೂಲ ಬೇರೆಯವರಿಗಿಲ್ಲ. ನಗರದ ಅಂಚಿನಲ್ಲಿ ಏಳುತ್ತಿರುವ ಕಟ್ಟಡಗಳ ಕೆಲಸಕ್ಕೆ ಕಲಬುರಗಿ, ಯಾದಗಿರಿ, ವಿಜಯಪುರಗಳಿಂದ ಬಂದ ಕುಟುಂಬಗಳು ತಗಡಿನ ಶೆಡ್ಡುಗಳಲ್ಲಿವೆ. ಮಗುವಿಗೆ ಯಾವ ಲಸಿಕೆ ಆಗಿದೆ, ಯಾವುದು ಆಗಿಲ್ಲ ಎಂದು ಮರಾಠಿಯಲ್ಲಿ ಕೇಳಿದರೆ ಆ ತಾಯಿ ತಲೆಯಾಡಿಸುತ್ತಾಳೆ. ಅದು ಹೌದೆಂಬುದೋ ಅರ್ಥವಾಗಲಿಲ್ಲವೆಂಬುದೋ ಕಾರ್ಯಕರ್ತೆಗೆ ತಿಳಿಯದು. ಅವಳ ಭಾಷೆಯಲ್ಲಿ ಕೇಳಬಲ್ಲ, ಓದು ಬಲ್ಲ, ಹಗಲಿನಲ್ಲಿ ಎರಡು ಗಂಟೆ ಬಿಡುವಿರುವ ಮಹಿಳೆಯರು ಆ ಕಟ್ಟಡಗಳಿಂದ ಒಂದೆರಡು ಕಿಲೋಮೀಟರ್ ದೂರದ ಫ್ಲ್ಯಾಟುಗಳಲ್ಲಿಯೇ ಇದ್ದಾರೆ. ಸಮುದಾಯ ಎಂಬ ಪದಕ್ಕೆ ಸ್ವಂತ ಸಮಾಜ ಎಂದಷ್ಟೇ ಅರ್ಥ ಹಚ್ಚಿದರೆ ಈ ವಿದ್ಯೆ ಕಾಲುಭಾಗವೂ ಕಲಿತಂತಾಗದು. ರೋಗಾಣು ಹಾಗೆ ಅರ್ಥಮಾಡಿಕೊಳ್ಳುವುದಿಲ್ಲ.

ಹಾಗೆಂದು ಸ್ವಂತ ಮನೆಯನ್ನು ಎಣಿಸದೆ ಹೊರಡುವುದೂ ತರವಲ್ಲ. ಪ್ರಬಂಧಕ್ಕೆ ವಿಷಯ ಹುಡುಕುವ ವಿದ್ಯಾರ್ಥಿನಿಯೊಬ್ಬಳು ಒಂದು ಬಸದಿಗೆ ನಡೆದುಕೊಳ್ಳುವ 60 ಮನೆಗಳನ್ನು ತೆಗೆದುಕೊಳ್ಳಬಹುದು. ಎಷ್ಟು ಮಂದಿಗೆ ಮಧುಮೇಹ, ಯಾವ ವಯಸ್ಸಿನಲ್ಲಿ ತಿಳಿಯಿತು, ಬಿ12 ಪರೀಕ್ಷೆ ಯಾರಿಗಾದರೂ ಆಗಿದೆಯೇ, ಪರ್ಯೂಷಣದ ಉಪವಾಸಗಳಲ್ಲಿ ಸಕ್ಕರೆ ಕಾಯಿಲೆಯವರು ಮಾತ್ರೆಯನ್ನು ಏನು ಮಾಡುತ್ತಾರೆ, ವೈದ್ಯರನ್ನು ಕೇಳುತ್ತಾರೆಯೇ ಅಥವಾ ಹೇಳದೆ ನಿಲ್ಲಿಸುತ್ತಾರೆಯೇ. ಈ ಕೊನೆಯ ಪ್ರಶ್ನೆಗೆ ಹೊರಗಿನ ಸಂಶೋಧಕನಿಗೆ ನಿಜವಾದ ಉತ್ತರ ಸಿಗಲಾರದು. ಅಜ್ಜಿಯರು ಅದನ್ನು ಹೇಳುವುದು ಮನೆಯವರಂತಿರುವ ಒಬ್ಬ ಹೆಣ್ಣುಮಗಳಿಗೆ, ಅವಳು ಯಾರಿಗೂ ಹೇಳುವುದಿಲ್ಲವೆಂಬ ನಂಬಿಕೆಯ ಮೇಲೆ. ಆ ನಂಬಿಕೆಯನ್ನು ಕಾಪಾಡುವ ನಿಯಮಗಳೂ ಪಾಠದ ಭಾಗವೇ: ಒಪ್ಪಿಗೆ ಪಡೆಯದೆ ಪ್ರಶ್ನೆ ಕೇಳುವಂತಿಲ್ಲ, ಹೆಸರನ್ನು ವರದಿಯಲ್ಲಿ ಬರೆಯುವಂತಿಲ್ಲ, ಟ್ರಸ್ಟಿನ ಅಧ್ಯಕ್ಷರು ಕೇಳಿದರೂ ತೋರಿಸುವಂತಿಲ್ಲ.

ಉದ್ಯೋಗದ ಬಗ್ಗೆ ಭ್ರಮೆ ಬೇಡ. ಸರ್ಕಾರಿ ಆರೋಗ್ಯ ಇಲಾಖೆಯ ಮುಖ್ಯ ಹುದ್ದೆಗಳು ಇಂದಿಗೂ ಬಹುತೇಕ ವೈದ್ಯರಿಗೇ ಮೀಸಲಾದಂತಿವೆ. ವೈದ್ಯರಲ್ಲದವರಿಗೆ ಸಂಶೋಧನಾ ಯೋಜನೆಗಳು, ಸ್ವಯಂಸೇವಾ ಸಂಸ್ಥೆಗಳು, ಆಸ್ಪತ್ರೆಗಳ ದತ್ತಾಂಶ ವಿಭಾಗಗಳು ಇವೆ. ಸಂಬಳ ಆರಂಭದಲ್ಲಿ ಸಾಧಾರಣ. ಮದುವೆಯ ಬಯೋಡೇಟಾದ ಒಂದು ಸಾಲಿಗಾಗಿ ಈ ಪದವಿಗೆ ಸೇರುವವರು ಬೇರೆ ಪದವಿಯನ್ನು ಹುಡುಕುವುದು ಮೇಲು.

ಸೇರುವ ಮೊದಲು ವಿಚಾರಿಸಬೇಕಾದ ವಿಷಯಗಳೂ ಕೆಲವುಂಟು. ಆನ್‌ಲೈನ್ ಮತ್ತು ದೂರಶಿಕ್ಷಣಕ್ಕೆ 2020ರ ಯುಜಿಸಿ ನಿಯಮಾವಳಿ ಅನ್ವಯಿಸುತ್ತದೆ. ಆ ವಿಶ್ವವಿದ್ಯಾಲಯಕ್ಕೆ, ಆ ವರ್ಷಕ್ಕೆ, ಆ ನಿರ್ದಿಷ್ಟ ಪದವಿಗೆ ಅನುಮತಿ ಇದೆಯೇ ಎಂಬುದನ್ನು ಯುಜಿಸಿಯ ದೂರಶಿಕ್ಷಣ ವಿಭಾಗದ ಪಟ್ಟಿಯಲ್ಲಿ ನೋಡಿಕೊಳ್ಳಬೇಕು. 2025ರ ಜುಲೈ-ಆಗಸ್ಟ್ ಪ್ರವೇಶದಿಂದ ಮನಃಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ, ಆಹಾರ ಮತ್ತು ಪೋಷಣಾ ವಿಜ್ಞಾನ, ಕ್ಲಿನಿಕಲ್ ನ್ಯೂಟ್ರಿಷನ್ ಮುಂತಾದ ಆರೋಗ್ಯಸಂಬಂಧಿ ವಿಷಯಗಳನ್ನು ದೂರಶಿಕ್ಷಣದಲ್ಲಾಗಲೀ ಆನ್‌ಲೈನಿನಲ್ಲಾಗಲೀ ಕಲಿಸಬಾರದೆಂದು ಯುಜಿಸಿ ತಡೆದಿದೆ. ರೋಗಿಯ ಮೈಮುಟ್ಟಿ ಕಲಿಯಬೇಕಾದ ವಿದ್ಯೆಯನ್ನು ಪರದೆಯಲ್ಲಿ ಕಲಿಸಬಾರದೆಂಬುದು ನ್ಯಾಯವೇ. ಆದರೆ ಪೋಷಣೆಯಂತಹ ವಿಷಯವೂ ಆ ಬಲೆಯಲ್ಲಿ ಸಿಕ್ಕಿ, ಮನೆ ಬಿಡಲಾಗದ ಹೆಂಗಸರಿಗೆ ಇದ್ದೊಂದು ಬಾಗಿಲು ಮುಚ್ಚಿದುದು ವಿಷಾದಕರ. ವಿದೇಶದ ವಿಶ್ವವಿದ್ಯಾಲಯವಾದರೆ ಆ ಪದವಿಗೆ ಭಾರತದಲ್ಲಿ ತತ್ಸಮಾನ ಮಾನ್ಯತೆ ದೊರೆಯುವುದೇ ಎಂಬುದನ್ನು ಹಣ ಕಟ್ಟುವ ಮೊದಲೇ ಲಿಖಿತವಾಗಿ ತಿಳಿದುಕೊಳ್ಳಬೇಕು. ಏಜೆಂಟರ ಬಾಯಿಮಾತು ಸಾಲದು. ಕ್ಷೇತ್ರಕಾರ್ಯ ಎಷ್ಟು ವಾರ, ಅದನ್ನು ಪುಣೆಯಲ್ಲಿಯೇ ಮಾಡಬಹುದೇ, ಮಾರ್ಗದರ್ಶಕರು ಯಾರು, ಪ್ರಶ್ನಾವಳಿಯನ್ನು ಕನ್ನಡ ಮತ್ತು ಮರಾಠಿಗಳಲ್ಲಿ ಬಳಸಲು ಒಪ್ಪುತ್ತಾರೆಯೇ ಎಂದು ಕೇಳಬೇಕು. ಇವಕ್ಕೆ ಸ್ಪಷ್ಟ ಉತ್ತರ ಕೊಡದೆ ರಿಯಾಯಿತಿ ಶುಲ್ಕದ ಕೊನೆಯ ದಿನಾಂಕವನ್ನೇ ನೆನಪಿಸುತ್ತಿರುವ ಸಂಸ್ಥೆಯನ್ನು ಬಿಟ್ಟುಬಿಡುವುದು ಕ್ಷೇಮ. ಪ್ರವೇಶಗಳು ಸಾಮಾನ್ಯವಾಗಿ ಜನವರಿ ಮತ್ತು ಜುಲೈಗಳಲ್ಲಿ, ವರ್ಷಕ್ಕೆರಡು ಬಾರಿ ನಡೆಯುತ್ತವೆ. ಅರ್ಜಿಗೆ ಮುನ್ನ ಡಿಇಬಿ ಗುರುತಿನ ಸಂಖ್ಯೆಯನ್ನು ಮಾಡಿಸಿಕೊಳ್ಳಬೇಕಾಗುತ್ತದೆ.